ಜಗುಲಿಯಲ್ಲೊಂದು ಹಳ್ಳ

ನಮ್ಮ ಮನೆಯ ಮೀನಿನ ತೊಟ್ಟಿಗೆ ಯಾವ ಮೀನು, ಯಾವ ಗಿಡ ಬರಬೇಕೆಂಬುದನ್ನು ನಿಶ್ಚಯಿಸಿದ್ದು ಅದರ ಹಿಂಬದಿಯ ಗಾಜಿನಲ್ಲಿ ಕೊರೆಸಿದ ಒಂದು ತೂತು.

ನಮ್ಮದು ಸಿದ್ದಾಪುರ ತಾಲೂಕಿನಲ್ಲಿ ಘಟ್ಟದ ಅಂಚಿಗಿರುವ ಊರು. ಹಿಂದಿನ ಗುಡ್ಡದಲ್ಲಿ ಹುಟ್ಟುವ ಅಬ್ಬಿಯ ನೀರು ಪೈಪಿನಲ್ಲಿ ತಾನಾಗಿಯೇ ಇಳಿದು ಅಂಗಳಕ್ಕೆ ಬರುತ್ತದೆ. ಅದಕ್ಕೆ ಪಂಪು ಬೇಡ, ಕರೆಂಟು ಬೇಡ. ಬೇಡವಾಗಿರುವುದೇ ಒಳ್ಳೆಯದು, ಏಕೆಂದರೆ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಮಲಗಿತೆಂದರೆ ನಾಲ್ಕೈದು ದಿನ ದೀಪದ ಸುದ್ದಿಯಿಲ್ಲ. ದೊಡ್ಡದೊಂದು ತೊಟ್ಟಿ ಕಟ್ಟಬೇಕೆಂಬ ನನ್ನ ಹಳೆಯ ಆಸೆಗೆ ಅಡ್ಡ ಬರುತ್ತಿದ್ದುದು ಇದೇ. ನೀರು ಸೋಸುವ ಶೋಧಕ ನಿಂತರೆ ಮೀನಿನ ಗತಿಯೇನು? ಅಬ್ಬಿಯ ಪೈಪಿಗೆ ಒಂದು ಕವಲು ಹಾಕಿ ಸಣ್ಣ ಧಾರೆಯನ್ನು ತೊಟ್ಟಿಗೆ ಬಿಡುವುದು, ಹೆಚ್ಚಾದ ನೀರು ಹಿಂದಿನ ತೂತಿನಿಂದ ಅಡಿಕೆ ತೋಟದ ಕಾದಿಗೆಗೆ, ಎಂದರೆ ಬಸಿಗಾಲುವೆಗೆ, ಹೋಗುವುದು ಎಂದು ಹೊಳೆದ ಮೇಲೆ ಕೆಲಸಕ್ಕೆ ಧೈರ್ಯ ಬಂತು. ನೀರು ಬದಲಿಸುವ ಕೆಲಸವೂ ತಪ್ಪಿತು, ತೋಟಕ್ಕೆ ಗೊಬ್ಬರದ ನೀರೂ ಸಿಕ್ಕಿತು.

ಆದರೆ ಕಾದಿಗೆಯ ನೀರು ಹಳ್ಳಕ್ಕೆ, ಹಳ್ಳದ್ದು ಅಘನಾಶಿನಿಗೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ ಕುಮಟಾದ ಬಳಿ ಸಮುದ್ರ ಸೇರುವವರೆಗೆ ದೊಡ್ಡ ಅಣೆಕಟ್ಟು ಕಾಣದ ಹೊಳೆ ಅದು. ತೊಟ್ಟಿಯೊಳಗಿನ ಮೊಟ್ಟೆಯೋ ಮರಿಯೋ ಗಿಡದ ತುಂಡೋ ಒಂದಲ್ಲ ಒಂದು ದಿನ ಆ ತೂತಿನಿಂದ ಹೊರಬಿದ್ದೇ ಬೀಳುತ್ತದೆ. ಜಾಲರಿ ಕಟ್ಟಿದರೂ ಬೀಳುತ್ತದೆ ಎಂದುಕೊಂಡೇ ಲೆಕ್ಕ ಹಾಕಬೇಕು. ಬೆಂಗಳೂರಿನ ಕೆರೆಗಳಲ್ಲಿ ಇಂದು ದಕ್ಷಿಣ ಅಮೆರಿಕದ ಸಕ್ಕರ್ ಮೀನು ಸಿಗುತ್ತದೆ. ಅದು ಈಜಿಕೊಂಡು ಬಂದದ್ದಲ್ಲ, ಯಾರದೋ ಮನೆಯ ತೊಟ್ಟಿಯಲ್ಲಿ ದೊಡ್ಡದಾಗಿ ಬೇಸರ ತಂದದ್ದು. ಹಾಗಾಗಿ ನಿಯಮ ಸರಳವಾಯಿತು: ಈ ತೂತಿನಿಂದ ಹೊರಗೆ ಹೋದರೆ ಮನೆಗೇ ಮರಳಿದಂತಾಗುವ ಜೀವಗಳು ಮಾತ್ರ ಒಳಗೆ. ದೇಸಿ ಎಂಬ ಅಭಿಮಾನಕ್ಕಿಂತ ಇದು ಕೊಳಾಯಿ ಕೆಲಸದ ತೀರ್ಮಾನ.

ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ ಕೆಲಸಕ್ಕಿಳಿದೆ. ಅಳತೆ: ಉದ್ದ 6 ಅಡಿ, ಅಗಲ 2.5 ಅಡಿ, ಎತ್ತರ 1.75 ಅಡಿ. ಅಂಗಡಿಯ ತೊಟ್ಟಿಗಳು ಎತ್ತರವಾಗಿ, ಕಿರಿದಾಗಿ ಇರುತ್ತವೆ. ನೋಡುವವರಿಗೆ ಅದು ಚೆಂದ, ಅಡ್ಡಕ್ಕೆ ಓಡಾಡುವ ಹಳ್ಳದ ಮೀನಿಗೆ ಅಷ್ಟಕ್ಕಷ್ಟೆ. ಇನ್ನೊಂದು ಕಾರಣ ಗಾಜಿನದು. ಒಂದೂವರೆ ಅಡಿ ನೀರು ನಿಂತರೆ ಆರಡಿ ಉದ್ದದ ಮುಂದಿನ ಗಾಜನ್ನು ಹೊರಕ್ಕೆ ತಳ್ಳುವ ಬಲ ಸುಮಾರು 190 ಕಿಲೋ ತೂಕಕ್ಕೆ ಸಮ. ಆಳ ಇಮ್ಮಡಿಯಾದರೆ ಆ ಬಲ ನಾಲ್ಕು ಪಟ್ಟಾಗುತ್ತದೆ. ಎತ್ತರದ ಆಸೆ ಬಿಟ್ಟವನಿಗೆ 12 ಮಿಲಿಮೀಟರ್ ಗಾಜು ಸಾಕು. ಅದರ ತೂಕ ಚದರ ಮೀಟರಿಗೆ 30 ಕಿಲೋ. ಒಟ್ಟು ಗಾಜೇ 125 ಕಿಲೋ ಆಸುಪಾಸು ಬಂತು. ನೀರು 600 ಲೀಟರ್, ಮರಳು ಕಲ್ಲು ಎಲ್ಲ ಸೇರಿದರೆ ಒಂದು ಟನ್ನಿಗೆ ಹತ್ತಿರ. ಮಾಳಿಗೆಯ ಮೇಲೆ ಇಡಬಾರದ್ದು ಇದೇ ಕಾರಣಕ್ಕೆ. ನಮ್ಮ ಜಗುಲಿಯ ಕೆಳಗೆ ಗಟ್ಟಿ ನೆಲವಿದೆ.

ಕಾಲುಗಳಿಗೆ ಕೆಂಪುಕಲ್ಲಿನ ನಾಲ್ಕು ಗಿಡ್ಡ ಕಂಬ, ಮೇಲೆ ಗ್ರಾನೈಟ್ ಚಪ್ಪಡಿ, ಅದರ ಮೇಲೆ ಅರ್ಧ ಇಂಚಿನ ಥರ್ಮೋಕೋಲ್. ಚಪ್ಪಡಿಯ ಕಣ್ಣಿಗೆ ಕಾಣದ ಉಬ್ಬುತಗ್ಗುಗಳನ್ನು ಥರ್ಮೋಕೋಲ್ ನುಂಗಿಕೊಳ್ಳುತ್ತದೆ. ಅದಿಲ್ಲದಿದ್ದರೆ ಒಂದು ಮರಳಿನ ಹರಳು ಸಾಕು ತಳದ ಗಾಜು ಸೀಳಲು. ಮಟ್ಟ ನೋಡಲು ಮೇಸ್ತ್ರಿ ತಂದದ್ದು ನೀರು ತುಂಬಿದ ಪಾರದರ್ಶಕ ಕೊಳವೆ. ರಸಮಟ್ಟಕ್ಕಿಂತ ಆರಡಿ ದೂರಕ್ಕೆ ಅದೇ ನಂಬಿಗಸ್ತ.

ಗಾಜಿನಂಗಡಿಯವರು ಮೊದಲ ಸಲ ಕಳಿಸಿದ ಹಾಳೆಯೊಂದರ ಮೂಲೆ ಚಕ್ಕೆ ಎದ್ದಿತ್ತು. “ಸಿಲಿಕೋನ್ ಹಾಕಿದರೆ ಕಾಣುವುದಿಲ್ಲ” ಎಂದರು. ಕಾಣುವ ಪ್ರಶ್ನೆಯಲ್ಲ, ಬಿರುಕು ಹುಟ್ಟುವುದೇ ಅಂಥ ಚಕ್ಕೆಯಿಂದ. ವಾಪಸು ಕಳಿಸಿದೆ. ತೂತು ಕೊರೆಸಿದ್ದು ಅಲ್ಲಿಯೇ, ವಜ್ರದ ಪುಡಿ ಲೇಪಿಸಿದ ಬಿಟ್‌ನಿಂದ, ನೀರು ಬಿಡುತ್ತಾ. ಹದಗೊಳಿಸಿದ ಟಫನ್ಡ್ ಗಾಜನ್ನು ಆಮೇಲೆ ಕೊರೆಯಲಾಗುವುದಿಲ್ಲ, ಪುಡಿಪುಡಿಯಾಗುತ್ತದೆ. ಆದ್ದರಿಂದ ಸಾದಾ ಫ್ಲೋಟ್ ಗಾಜೇ ಬೇಕು. ಮೊದಲ ತೂತಿಗಿಂತ ಒಂದಂಗುಲ ಮೇಲೆ ಇನ್ನೊಂದನ್ನೂ ಹಾಕಿಸಿದೆ. ಮೊದಲನೆಯದು ಎಲೆಯಿಂದ ಕಟ್ಟಿಕೊಂಡ ರಾತ್ರಿ ಜಗುಲಿಯೇ ಹಳ್ಳವಾಗಬಾರದಲ್ಲ.

ಅಂಟಿಸುವ ಸಿಲಿಕೋನ್ ವಿನೆಗರ್ ವಾಸನೆಯದಾಗಿರಬೇಕು. ಬೂಸು ಹಿಡಿಯದಂತೆ ಔಷಧ ಬೆರೆಸಿ ಬಚ್ಚಲಿಗೆಂದು ಮಾರುವ ಬಗೆ ಮೀನಿಗೆ ವಿಷ. ಗಾಜಿನ ಅಂಚುಗಳನ್ನು ಸ್ಪಿರಿಟ್‌ನಿಂದ ಒರೆಸಿ, ಸಂದಿಯಲ್ಲಿ ಬೆಂಕಿಕಡ್ಡಿಗಳನ್ನಿಟ್ಟು ನಿಲ್ಲಿಸಿದೆವು. ಗಾಜಿಗೆ ಗಾಜು ಒತ್ತಿ ನಿಂತರೆ ನಡುವೆ ಸಿಲಿಕೋನ್ ಉಳಿಯುವುದಿಲ್ಲ, ಉಳಿಯದಿದ್ದರೆ ಹಿಡಿತವೂ ಇಲ್ಲ. ಈ ಕೆಲಸಕ್ಕೆ ನಾಲ್ವರು ಬೇಕು, ನಾಲ್ವರಲ್ಲಿ ಮಾತನಾಡುವವನು ಒಬ್ಬನೇ ಇರಬೇಕು. ಇದು ಒಣಗುವುದು ಗಾಳಿಯ ತೇವವನ್ನು ಹೀರಿ. ಬಣ್ಣ ಬಳಿಯಲು ಬಾರದ ಮಲೆನಾಡಿನ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಆದರೂ ಮೇಲೆ ಬೇಗ ಸಿಪ್ಪೆಗಟ್ಟಿ ಒಳಗೆ ಹಸಿಯಾಗಿಯೇ ಇರುತ್ತದೆ. ವಾರಕ್ಕೂ ಹೆಚ್ಚು ಮುಟ್ಟದೆ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ತುಂಬಿ ನೋಡಿದೆವು. ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ, ನಡುವೆ ಅಡ್ಡಪಟ್ಟಿ ಕೂರಿಸಿದ್ದರಿಂದ ಉದ್ದದ ಗಾಜು ಹೊರಕ್ಕೆ ಬಾಗಲಿಲ್ಲ.

ಶೋಧಕಕ್ಕೆ ಆರಿಸಿದ್ದು ಜರ್ಮನಿಯ ಹವ್ಯಾಸಿಗಳು ರೂಢಿಗೆ ತಂದ ವಿಧಾನ. ತೊಟ್ಟಿಯ ಒಂದು ತುದಿಯಲ್ಲಿ ಎರಡು ಇಂಚು ದಪ್ಪದ ಸ್ಪಂಜನ್ನು ಗೋಡೆಯಂತೆ ನಿಲ್ಲಿಸಿ, ಅದರ ಹಿಂದಿನ ಕೋಣೆಯಿಂದ ಚಿಕ್ಕ ಪಂಪು ನೀರನ್ನು ಮುಂದಕ್ಕೆ ತಳ್ಳುತ್ತದೆ. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಮನೆ ಮಾಡುವುದು ಈ ಸ್ಪಂಜಿನಲ್ಲಿ. ಮುಚ್ಚಿದ ಡಬ್ಬದ ಶೋಧಕದಲ್ಲಿ ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಆಮ್ಲಜನಕ ಮುಗಿದು ಅವು ಸಾಯತೊಡಗುತ್ತವೆ, ಕರೆಂಟು ಬಂದಾಗ ಆ ಕೊಳೆತ ನೀರೇ ಮೀನಿನ ಮೇಲೆ ಬೀಳುತ್ತದೆ. ಸ್ಪಂಜಿನ ಗೋಡೆ ತೊಟ್ಟಿಯ ನೀರಿನಲ್ಲೇ ನಿಂತಿರುವುದರಿಂದ ಆ ಭಯ ಕಡಿಮೆ. ಹೊರಹೋಗುವ ತೂತುಗಳನ್ನೂ ಈ ಹಿಂಗೋಣೆಗೇ ಬರುವಂತೆ ಮಾಡಿದ್ದೆ.

ತಳಕ್ಕೆ ಒಂದಂಗುಲ ಅಂಗಳದ ಕೆಂಪುಮಣ್ಣು, ಮೇಲೆ ಮನೆ ಕಟ್ಟಿದಾಗ ಉಳಿದ ಹೊಳೆಮರಳನ್ನು ತೊಳೆದು ಎರಡಂಗುಲ. ತೋಟದ ಮಣ್ಣು ಕೂಡದು. ಅದರಲ್ಲಿ ಗೊಬ್ಬರವಿದೆ, ನೀರೆಲ್ಲ ಅಮೋನಿಯವಾಗುತ್ತದೆ. ಕೆಂಪುಮಣ್ಣಿನಲ್ಲಿರುವ ಕಬ್ಬಿಣ ನೀರುಗಿಡಗಳಿಗೆ ಇಷ್ಟ. ಯುರೋಪಿನವರು ಲ್ಯಾಟರೈಟ್ ಎಂದು ಪೊಟ್ಟಣದಲ್ಲಿ ಕೊಂಡು ತೊಟ್ಟಿಗೆ ಹಾಕುವುದು ಇದನ್ನೇ, ನಮ್ಮಲ್ಲಿ ಇದು ಬೂಟಿಗೆ ಅಂಟಿ ಬರುತ್ತದೆ. ಈ ಕಲ್ಲಿಗೆ ಆ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ, ಸೋಂದೆ ಶಿರಸಿಗಳ ಕಡೆಗೂ ಬಂದುಹೋದವನು. ಅವನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಹೊತ್ತು 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ. ಅದರ ಚಿತ್ರಗಳನ್ನು ಬರೆದವನು ಹಲುದಾರ್ ಎಂಬ ಬಂಗಾಳಿ ತರುಣ. ನಮ್ಮ ಘಟ್ಟದ ಹಳ್ಳಗಳಲ್ಲಿರುವ, ಅಡ್ಡಪಟ್ಟೆಯ ಪುಟ್ಟ ಮೆಲನ್ ಬಾರ್ಬ್ ಮೀನಿನ ಕುಲಕ್ಕೆ 2013ರಲ್ಲಿ ಆ ಚಿತ್ರಕಾರನ ನೆನಪಿಗೆ ಹಲುದಾರಿಯಾ ಎಂದು ಹೆಸರಿಟ್ಟರು. ಸಾಹೇಬ ಹೆಸರಿಟ್ಟ ಮಣ್ಣು ಕೆಳಗೆ, ಅವನ ಚಿತ್ರಕಾರನ ಹೆಸರಿನ ಮೀನು ಮೇಲೆ. ಇದನ್ನು ಜಗುಲಿಗೆ ಬಂದವರಿಗೆಲ್ಲ ಹೇಳುತ್ತೇನೆ, ಕವಳ ಹಾಕುತ್ತಾ ಕೇಳಿ ಸುಮ್ಮನಾಗುತ್ತಾರೆ.

ಅಬ್ಬಿಯ ನೀರು ಬಹಳ ಮೃದು, ತುಸು ಆಮ್ಲೀಯ. ಮೀನಿಗೆ ಹುಟ್ಟಿದ ನೀರೇ ಆದರೂ ಒಂದು ತೊಡಕಿದೆ. ಖನಿಜವಿಲ್ಲದ ನೀರಿಗೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಇಲ್ಲ, ಬಸವನಹುಳುಗಳ ಚಿಪ್ಪು ಸವೆದು ಬಿಳಿಯಾಗುತ್ತದೆ. ಹಳ್ಳದಲ್ಲಿ ಇದನ್ನು ಹರಿವು ಸರಿದೂಗಿಸುತ್ತದೆ. ತೊಟ್ಟಿಯಲ್ಲಿ ಬೇಸಿಗೆಯ ಹೊತ್ತಿಗೆ ಅಬ್ಬಿ ಬಡವಾದಾಗ ಕಷ್ಟ. ಅಘನಾಶಿನಿಯ ಅಳಿವೆಯ ಬಳಚಿನ ಚಿಪ್ಪನ್ನು ಒಂದು ಹಿಡಿ ಪುಡಿ ಮಾಡಿ ಸ್ಪಂಜಿನ ಹಿಂದೆ ಚೀಲದಲ್ಲಿಟ್ಟೆ. ಹೊಳೆಯ ತುದಿಯಿಂದ ಸುಣ್ಣ ತಂದು ಹೊಳೆಯ ಬುಡಕ್ಕೆ ಹಾಕಿದ ಹಾಗಾಯಿತು.

ಗಿಡಗಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚು ಮಾತನಾಡುತ್ತೇನೆ. ಕಾದಿಗೆಯ ಅಂಚಿನಲ್ಲಿ ಕೆಸುವಿನ ಸಂಬಂಧಿ ಲ್ಯಾಗೆನಾಂಡ್ರ ಒತ್ತೊತ್ತಾಗಿ ಬೆಳೆಯುತ್ತದೆ. ತೋಟದ ಕೆಲಸದವರು ಕತ್ತಿಯಲ್ಲಿ ಸವರಿ ಎಸೆಯುವುದು ಅದನ್ನೇ. ರಸ ತಗುಲಿದರೆ ಕೈ ತುರಿಸುತ್ತದೆ. ಹಿಂಬದಿಗೆ ಅದರ ಗಡ್ಡೆಗಳನ್ನು ಸಾಲಾಗಿ ನೆಟ್ಟೆ. ನೀರಿನ ಮೇಲೆ ಎಲೆ ಚಾಚಿ ನಿಂತ ಆ ಸಾಲು ತೊಟ್ಟಿಗೆ ಬದುವಿನ ರೂಪ ಕೊಟ್ಟಿತು. ಗದ್ದೆಯ ನೀರುಗಾಲುವೆಯಿಂದ ಕ್ರಿಪ್ಟೊಕೊರೈನ್ ಎಂಬ ನೀರುಗಿಡ ತಂದೆ. ಅದು ನೆಟ್ಟ ಕೆಲವೇ ದಿನಗಳಲ್ಲಿ ಎಲೆಯೆಲ್ಲ ಕರಗಿ ಲೋಳೆಯಾಯಿತು. ಜಾಗ ಬದಲಾದರೆ ಅದರ ಸ್ವಭಾವವೇ ಹಾಗೆ, ಬೇರನ್ನು ಕೀಳದೆ ಬಿಟ್ಟರೆ ಹೊಸ ನೀರಿಗೆ ಒಗ್ಗುವ ಹೊಸ ಎಲೆ ಬರುತ್ತದೆ. ಬಂತು. ಕೊಯ್ಲಾದ ಗದ್ದೆಯ ಬದುವಿನಲ್ಲಿ ಕೆಂಪಗೆ ಹಬ್ಬಿದ್ದ ರೋಟಾಲದ್ದು ಇನ್ನೂ ಸೋಜಿಗ. ನೆಲದಲ್ಲಿ ದಪ್ಪ ಗುಂಡೆಲೆ, ಮುಳುಗಿಸಿದರೆ ಹಳೆಯದನ್ನೆಲ್ಲ ಉದುರಿಸಿ ತೆಳ್ಳನೆಯ ಬೇರೆಯೇ ಎಲೆ. ಮುಂದುಗಡೆಗೆ ನೀರುಬ್ರಾಹ್ಮಿ. ಪ್ಲಾಸ್ಟಿಕ್ಕಿನ ಮುಳುಗುಗಾರ, ನೀಲಿ ಕಲ್ಲು ಹಾಕುವುದಿಲ್ಲವೇ ಎಂದು ಅಕ್ಕನ ಮೊಮ್ಮಗ ಕೇಳಿದ. ಇಲ್ಲ.

ಮೊದಲ ವಾರಗಳ ಅಮೋನಿಯವನ್ನು ಹೀರಲು ಹೈಡ್ರಿಲ್ಲಾ ತುಂಬಿದ್ದೆ. ಎಲ್ಲೆಂದರಲ್ಲಿ ಸಿಗುವ, ಎಷ್ಟು ಬೇಕಾದರೂ ತಿನ್ನುವ ಗಿಡ. ಉಳಿದವು ಬೇರೂರಿದ ಮೇಲೆ ಅದನ್ನು ಕಿತ್ತು ಗೊಬ್ಬರಗುಂಡಿಗೆ ಹಾಕಿದೆ. ಬಿಟ್ಟಿದ್ದರೆ ತೊಟ್ಟಿಯಲ್ಲಿ ಅದೊಂದೇ ಇರುತ್ತಿತ್ತು. ಅಂತರಗಂಗೆಗೂ ಸಾಲ್ವೀನಿಯಾಕ್ಕೂ ಪ್ರವೇಶವಿಲ್ಲ. ಕೆರೆ ಮುಚ್ಚಿಹಾಕುವ ಸಾಲ್ವೀನಿಯಾ ನಮ್ಮ ನೆಲದ್ದೇ ಅಲ್ಲ, ಅದೂ ದಕ್ಷಿಣ ಅಮೆರಿಕದ್ದು. ತಂದ ಗಿಡಗಳನ್ನೆಲ್ಲ ತಿಳಿಗುಲಾಬಿ ಬಣ್ಣದ ಪೊಟ್ಯಾಸಿಯಂ ಪರಮ್ಯಾಂಗನೇಟ್ ನೀರಿನಲ್ಲಿ ಅದ್ದಿದೆ, ಜಿಗಣೆ ಬರಬಾರದೆಂದು. ಜಿಗಣೆ ಬರಲಿಲ್ಲ, ಏರೋಪ್ಲೇನ್ ಚಿಟ್ಟೆಯ ಮರಿ ಬಂತು. ಬೆಳಗೊಂದು ದಿನ ಲ್ಯಾಗೆನಾಂಡ್ರದ ಎಲೆಗೆ ಖಾಲಿ ಪೊರೆ ಅಂಟಿಕೊಂಡಿತ್ತು, ಜಗುಲಿಯ ದೀಪದ ಬಳಿ ಕೆಂಪು ಚಿಟ್ಟೆ ಕುಳಿತಿತ್ತು. ಆಗಿನ್ನೂ ಮೀನು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಆ ಮರಿ ಮೀನುಮರಿಗಳನ್ನು ಮುಗಿಸುತ್ತಿತ್ತು.

ಮೀನು ಬಿಡುವುದನ್ನು ಬೇಕೆಂದೇ ತಡ ಮಾಡಿದೆ. ಮೊದಲ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ, ಹಳ್ಳದಿಂದ ಗದ್ದೆಗೆ ಏರಿ ಮೊಟ್ಟೆ ಇಡುತ್ತದೆ. ಹೀಗೆ ಹತ್ತಿಬರುವ ಹತ್ತುಮೀನಿಗೆ ಕೂಣಿ ಎಂಬ ಮೀನು ಹಿಡಿಯುವ ಬುಟ್ಟಿ ಒಡ್ಡುವುದು ಮಲೆನಾಡಿನ ಹಳೆಯ ಸಂಭ್ರಮ. ಬಸಿರಿ ಮೀನನ್ನು ಹಿಡಿದು ತೊಟ್ಟಿಗೆ ಹಾಕುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ, ನಮ್ಮ ತೋಟದ ಕಾದಿಗೆ ಮತ್ತು ಅದರ ಕೆಳಗಿನ ಗುಂಡಿಯಿಂದಷ್ಟೇ ಗೋರುಬಲೆಯಲ್ಲಿ ಎತ್ತಿದೆ. ಆಚೆ ದಡದ ಕಾಡು ಸಿಂಗಳೀಕಗಳಿಗೆಂದು ಕಾದಿಟ್ಟ ಪ್ರದೇಶ, ಅಲ್ಲಿಂದ ಒಂದು ಕಡ್ಡಿಯನ್ನೂ ತರುವ ಮಾತಿಲ್ಲ.

ಈ ಹಂತದಲ್ಲಿ ಸಲಹೆಗಾರರು ಹೆಚ್ಚಿದರು. ಕೆಂಪುಗೆರೆಯ ಮಿಸ್ ಕೇರಳ ಮೀನು ಹಾಕು, ಅದೂ ಪಶ್ಚಿಮ ಘಟ್ಟದ್ದೇ ಎಂದರು ಒಬ್ಬರು. ಹೌದು, ಆದರೆ ಅದು ಕೇರಳ ಮತ್ತು ಕರ್ನಾಟಕದ ದಕ್ಷಿಣ ತುದಿಯ ಹೊಳೆಗಳದ್ದು, ಮೇಲಾಗಿ ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದು ಹಿಡಿದೇ ಅಳಿವಿನಂಚಿಗೆ ಬಂದದ್ದು. ಇನ್ನೊಬ್ಬರದು ಇನ್ನೂ ಮೋಹಕ ಸಲಹೆ: ಬಸವನಹುಳು ಹೆಚ್ಚಾದರೆ ಪಟ್ಟೆಪಟ್ಟೆಯ ಬೋಟಿಯಾ ಸ್ಟ್ರಯಾಟಾ ಬಿಡು, ತಿಂದು ಮುಗಿಸುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಶಿವಮೊಗ್ಗದ ತುಂಗಾ ನದಿಯಿಂದ ವಿವರಿಸಿದ ಮೀನು ಅದು. ಅಚ್ಚ ಕನ್ನಡ ನಾಡಿನದು. ಆದರೆ ತುಂಗೆ ಪೂರ್ವಕ್ಕೆ ಹರಿದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುವವಳು, ನಮ್ಮ ಹೊಳೆ ಪಡುವಣದ್ದು. ನಡುವೆ ಇರುವುದು ಒಂದು ಗುಡ್ಡದ ನೆತ್ತಿ, ಮಳೆನೀರಿಗೆ ಆ ನೆತ್ತಿಯೇ ಗಡಿ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ದಾಟಿಸುವ ಹಕ್ಕು ನನಗೆ ಯಾರೂ ಕೊಟ್ಟಿಲ್ಲ. ರಾಜ್ಯದ ನಕ್ಷೆ ನೋಡಿ ದೇಸಿ ಮೀನು ಆರಿಸುವವರು ಹೊಳೆಯ ನಕ್ಷೆ ನೋಡಿದರೆ ಒಳ್ಳೆಯದು.

ಹೊಳೆ ನಮ್ಮದೇ ಆದರೂ ಎಲ್ಲ ಮೀನು ಒಗ್ಗುವುದಿಲ್ಲ. ಕಲ್ಲಿಗೆ ಬಾಯೊತ್ತಿ ಹಿಡಿಯುವ ಗಾರಾ, ಝರಿಯ ಚಪ್ಪಟೆ ಲೋಚ್‌ಗಳಿಗೆ ಭೋರ್ಗರೆಯುವ ನೀರಿನ ಆಮ್ಲಜನಕ ಬೇಕು. ನನ್ನ ಸಣ್ಣ ಧಾರೆ ಅವಕ್ಕೆ ಉಸಿರುಗಟ್ಟಿಸುತ್ತದೆ. ಕೊರವ ಮೀನು ಸುಂದರ, ಬುದ್ಧಿವಂತ, ಆದರೆ ಬಾಯಿಗೆ ಹಿಡಿಸುವುದನ್ನೆಲ್ಲ ತಿನ್ನುತ್ತದೆ. ಕೊನೆಗೆ ಉಳಿದದ್ದು ನಿಧಾನನೀರಿನವು: ಮೆಲನ್ ಬಾರ್ಬ್ ಹನ್ನೆರಡು, ಬೆನ್ನಿನ ಈಜುರೆಕ್ಕೆಯಿಂದ ಎಳೆ ಬಿಡುವ ಫಿಲಮೆಂಟ್ ಬಾರ್ಬ್ ಎಂಟು, ಕಪ್ಪುಗೆರೆಯ ರಾಸ್ಬೋರಾ ಹತ್ತು, ನೀರಿನ ಮೇಲ್ಪದರದಲ್ಲೇ ನಿಲ್ಲುವ ಪಟ್ಟೆ ಪಂಚಾಕ್ಸ್ ಆರು, ಕಣ್ಣು ಮಾತ್ರ ಹೊರಗಿಟ್ಟು ಮರಳಲ್ಲಿ ಹೂತುಕೊಳ್ಳುವ ಮುಳ್ಳು ಲೋಚ್ ಐದು. 600 ಲೀಟರಿಗೆ ಇದು ಕಡಿಮೆಯೇ. ಕರೆಂಟಿಲ್ಲದ ದಿನಗಳ ಲೆಕ್ಕಕ್ಕೆ ಇಷ್ಟೇ ಸರಿ. ಮೇಲೆ ಸೊಳ್ಳೆಪರದೆಯ ಚೌಕಟ್ಟು ಅತ್ಯಗತ್ಯ, ಪಂಚಾಕ್ಸ್ ಹಾರುವುದರಲ್ಲಿ ನಿಷ್ಣಾತ.

ಕಾಡುಮೀನು ಅಂಗಡಿಯ ಗುಳಿಗೆ ಮೂಸಿಯೂ ನೋಡಲಿಲ್ಲ. ಮೊದಲು ಸೊಳ್ಳೆಮರಿ, ಆಮೇಲೆ ಕೊಳೆತ ಅಡಿಕೆ ಸಿಪ್ಪೆಯ ಕೆಳಗಿನ ಗೆದ್ದಲು. ಪಂಚಾಕ್ಸ್ ಗೆದ್ದಲನ್ನು ಕೈಯಿಂದಲೇ ಕಸಿಯುತ್ತದೆ. ಕ್ರಮೇಣ ಒಣಸೀಗಡಿಯನ್ನು ಉಪ್ಪು ಹೋಗುವಂತೆ ತೊಳೆದು ಪುಡಿಮಾಡಿ ಕೊಟ್ಟೆ. ತಲೆಮಾರುಗಳಿಂದ ಮೀನು ಮುಟ್ಟದ ಮನೆಯ ಜಗುಲಿಯಲ್ಲಿ ಒಣಸೀಗಡಿಯ ವಾಸನೆ ಎದ್ದ ದಿನ ಅಮ್ಮ ಒಂದು ಮಾತೂ ಆಡದೆ ಧೂಪ ಹಾಕಿದಳು. ಈಗ ಸೀಗಡಿ ಡಬ್ಬಕ್ಕೆ ಸೌದೆ ಕೊಟ್ಟಿಗೆಯಲ್ಲಿ ಸ್ಥಳ.

ಎಲ್ಲಕ್ಕೂ ಪರೀಕ್ಷೆ ಬಂದದ್ದು ಮುಂದಿನ ಆಷಾಢದಲ್ಲಿ. ಗಾಳಿಗೆ ಲೈನು ಬಿತ್ತು, ಇನ್ವರ್ಟರ್ ಮರುದಿನವೇ ಕಣ್ಣು ಮುಚ್ಚಿತು. ಗಿಡಗಳೂ ರಾತ್ರಿ ಉಸಿರಾಡಿ ಆಮ್ಲಜನಕ ತೆಗೆದುಕೊಳ್ಳುವುದರಿಂದ ಮೀನಿಗೆ ಬಲು ಕಷ್ಟದ ಹೊತ್ತು ಬೆಳಗಿನ ಜಾವ. ಟಾರ್ಚು ಹಿಡಿದು ನೋಡಿದರೆ ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು, ಮೇಲೆ ಬಂದು ಬಾಯಿ ಬಿಡುತ್ತಿರಲಿಲ್ಲ. ಅಬ್ಬಿಯ ಧಾರೆ ಒಂದಡಿ ಎತ್ತರದಿಂದ ಬಿದ್ದು ಗುಳ್ಳೆ ಎಬ್ಬಿಸುತ್ತಿತ್ತು. ತೊಂದರೆ ಬಂದದ್ದು ಬೇರೆ ಕಡೆಯಿಂದ. ಗುಡ್ಡದ ಮಣ್ಣು ತೊಳೆದು ಅಬ್ಬಿಯ ನೀರೇ ಕೆಂಪಾಯಿತು, ಸ್ಪಂಜು ಕಟ್ಟಿಕೊಂಡಿತು. ಪೈಪಿನ ದಾರಿಯಲ್ಲಿ 200 ಲೀಟರಿನ ಡ್ರಮ್ಮು ಕೂರಿಸಿ, ಮಣ್ಣು ತಳಕ್ಕಿಳಿದ ಮೇಲಿನ ನೀರಷ್ಟೇ ಮುಂದೆ ಹೋಗುವಂತೆ ಮಾಡಿದೆ. ಕರೆಂಟು ಬರುವವರೆಗೆ ಆಹಾರ ಪೂರ್ತಿ ಬಂದ್. ತಿನ್ನದ ಮೀನು ನೀರು ಕೆಡಿಸುವುದೂ ಕಡಿಮೆ.

ಅದೇ ಮಳೆಯಲ್ಲಿ ಗಂಡು ಮೆಲನ್ ಬಾರ್ಬ್‌ಗಳು ಹಣ್ಣು ಕೋಕಂ ಬಣ್ಣಕ್ಕೆ ತಿರುಗಿ ಹೆಣ್ಣುಗಳನ್ನು ಬೇರುಗಳ ನಡುವೆ ಅಟ್ಟತೊಡಗಿದವು. ಹೊರಗಿನ ಮಳೆಯ ತಣ್ಣನೆಯ ನೀರು ತೊಟ್ಟಿಯೊಳಕ್ಕೂ ಬರುತ್ತಿತ್ತಲ್ಲ, ಹಂಗಾಮು ಅವಕ್ಕೂ ಗೊತ್ತಾಗಿರಬೇಕು. ಈ ಜಾತಿಗೆ ಮೊಟ್ಟೆಯ ಮೇಲೆ ಮಮತೆಯಿಲ್ಲ, ಇಟ್ಟ ಬೆನ್ನಿಗೇ ತಾವೇ ತಿನ್ನುತ್ತವೆ. ಅಂತೂ ಕೆಲವು ಸ್ಪಂಜಿನ ಅಂಚಿನ ಸಂದಿಯಲ್ಲಿ ನುಸುಳಿ ಹಿಂಗೋಣೆ ಸೇರಿದ್ದವು. ಪಂಪು ಒರೆಸಲು ಹೋದಾಗ ಅಲ್ಲಿ ಕಣ್ಣು ಮತ್ತು ಹೊಟ್ಟೆ ಮಾತ್ರ ಕಾಣುವ ಮರಿಗಳು ಓಡಾಡುತ್ತಿದ್ದವು. ಹೊರಹೋಗುವ ತೂತು ಇರುವುದೂ ಅಲ್ಲಿಯೇ. ಎಷ್ಟು ಮರಿ ಕಾದಿಗೆ ಸೇರಿದವೋ, ಸೇರಿದ್ದರೂ ಚಿಂತೆಯಿಲ್ಲ. ಉಳಿದವನ್ನು ಕೊಟ್ಟಿಗೆಯ ಪಕ್ಕದ ಸಿಮೆಂಟ್ ಬಾನಿಯಲ್ಲಿ ಬೆಳೆಸಿದ್ದೇನೆ, ಮೂವತ್ತಕ್ಕೂ ಹೆಚ್ಚಿವೆ.

ಅವುಗಳಲ್ಲಿ ಹತ್ತು ತನಗೆ ಬೇಕೆಂದು ಬೆಂಗಳೂರಿನಲ್ಲಿರುವ ಸೋದರಳಿಯ ಹಟ ಹಿಡಿದಿದ್ದಾನೆ. ಅವನ ಕೊಳವೆಬಾವಿ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, 800 ದಾಟುತ್ತದೆ, ನಮ್ಮ ಅಬ್ಬಿಯದು 40ರ ಒಳಗೆ. ಚಾವಣಿಯ ಮಳೆನೀರು ಹಿಡಿದಿಡುತ್ತೇನೆ ಎನ್ನುತ್ತಾನೆ. ಹಿಡಿದು, ತೊಟ್ಟಿ ತುಂಬಿಸಿ, ಗಿಡ ಬೇರೂರಿದ ಮೇಲೆ ಅಮೋನಿಯ ಪರೀಕ್ಷೆಯ ಫೋಟೊ ಕಳಿಸು ಎಂದಿದ್ದೇನೆ. ಸಾಕಾದರೆ ಕೆರೆಗೆ ಬಿಡುವುದಿಲ್ಲ, ಬಸ್ಸಿನಲ್ಲಿ ವಾಪಸು ತಂದುಕೊಡುತ್ತೇನೆಂದು ಬರೆದುಕೊಡಬೇಕು ಎಂದೂ ಹೇಳಿದ್ದೇನೆ. ಬರೆದುಕೊಡುವ ಮಾತಿಗೆ ಅವನು ನಕ್ಕ, ನಾನು ನಗಲಿಲ್ಲ.